'ದಡ್ಡ' ಅಂದವರು ಯಾರು?



ರಾಜಾಜಿನಗರದ ಕಾರ್ಖಾನೆ ಬೀದಿಗಳಲ್ಲಿ, ಶ್ರೀರಾಮಪುರದ ವಠಾರಗಳಲ್ಲಿ ನಮ್ಮ ಜನ ಮಕ್ಕಳನ್ನು ಓದಿಸುತ್ತಿರುವುದು ಹೊಟ್ಟೆ ಬಟ್ಟೆ ಕಟ್ಟಿ. ಅಪ್ಪ ಮಿಷನ್ನಿನ ಮುಂದೆ, ಅವ್ವ ಪೊರಕೆ ಹಿಡಿದು ಬೀದಿಯಲ್ಲಿ. ಆ ಮಗು ಏಳನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದಲಾಗದೆ ನಿಂತರೆ ಮೇಷ್ಟ್ರು ಏನಂತಾರೆ? "ನಿಂಗ್ಯಾಕೋ ಓದು, ಪೊರಕೆ ಹಿಡಿ ಹೋಗು." ಈ ಮಾತು ಕೇಳದೆ ಹಾಸ್ಟೆಲಿಗೆ ಬಂದವರು ನಮ್ಮಲ್ಲಿ ಎಷ್ಟು ಜನ?

ನಮ್ಮ ಜೊತೆ ಓದಿದ ಒಬ್ಬ ಹುಡುಗ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ. ಪೆನ್ನು ಹಿಡಿದರೆ ಒತ್ತಕ್ಷರ ತಪ್ಪುತ್ತಿತ್ತು, ಸಾಲು ಜಾರುತ್ತಿತ್ತು. ಹೊಡೆತ ತಿಂದು ತಿಂದು ಗ್ಯಾರೇಜು ಸೇರಿದ. ಈ ತೊಂದರೆಗೆ ಒಂದು ಹೆಸರಿದೆ, ನಿರ್ದಿಷ್ಟ ಕಲಿಕಾ ನ್ಯೂನತೆ. ಬುದ್ಧಿ ಚುರುಕಿದ್ದವರಿಗೂ ಇದು ಇರುತ್ತದೆ ಎಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಉಳ್ಳವರ ಮನೆಯ ಮಗುವಿಗೆ ಇದೇ ತೊಂದರೆ ಬಂದರೆ ಡಾಕ್ಟರು, ಸರ್ಟಿಫಿಕೇಟು, ವಿಶೇಷ ಪಾಠ. ನಮ್ಮ ಮಗುವಿಗೆ ಹಿಂದಿನ ಬೆಂಚು.

ಕಾನೂನು ನಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಬೇಕಾದರೆ ಹೆಚ್ಚಿನ ಪಾಠ ಹೇಳುವುದು ಮೇಷ್ಟ್ರ ಕರ್ತವ್ಯ. ಹೊಡೆಯುವಂತಿಲ್ಲ, ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿದೆ. ಬೇಗ ಗುರುತಿಸಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಕೊಡಬೇಕು ಎಂದಿದೆ. ವಿಶೇಷ ಶಿಕ್ಷಕರು ಬೇಕಾದ ಮಕ್ಕಳಿಗೆ ಪ್ರಾಥಮಿಕದಲ್ಲಿ 10 ಮಕ್ಕಳಿಗೊಬ್ಬರು, ಪ್ರೌಢಶಾಲೆಯಲ್ಲಿ 15 ಮಕ್ಕಳಿಗೊಬ್ಬರು ಇರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ, ಕೇಳಿ ನೋಡಿ.

ಒಂದು ಎಚ್ಚರ. ನಮ್ಮ ಮಗು 'ಹಾಲು' ಅನ್ನದೆ 'ಆಲು' ಅಂದರೆ ಅದು ರೋಗವಲ್ಲ, ನಮ್ಮ ಕೇರಿಯ ಮಾತು. ಮೇಷ್ಟ್ರು ಪಾಠವನ್ನೇ ಮಾಡದಿದ್ದರೆ, ಹಸಿದ ಮಗು ನಿದ್ದೆ ಹೋದರೆ ಅದೂ ನ್ಯೂನತೆಯಲ್ಲ. ನಿನ್ನೆಯವರೆಗೆ 'ಜಾತಿ ಬುದ್ಧಿ' ಅಂದವರು ನಾಳೆ ಇದೇ ಹೆಸರನ್ನು ನಮ್ಮ ಹಣೆಗೆಲ್ಲ ಹಚ್ಚಲು ಬಿಡಬಾರದು. ತಿಳಿದವರು ಪರೀಕ್ಷಿಸಿಯೇ ಹೇಳಲಿ. ಹೇಳಿದ ಮೇಲೆ ಪಾಠವನ್ನೂ ಕೊಡಲಿ.

ಹಾಗಾದರೆ ನಾವೇನು ಮಾಡಬೇಕು? ರಾತ್ರಿ ಹಾಸ್ಟೆಲಿನಲ್ಲಿ ಪಕ್ಕದಲ್ಲಿ ಕೂತು ಓದುವ ಚಿಕ್ಕವರನ್ನು ಮೇಷ್ಟ್ರಿಗಿಂತ ಹತ್ತಿರದಿಂದ ಕಾಣುವವರು ನಾವು. ಬಾಯಲ್ಲಿ ಹೇಳಿ ಕಾಗದದ ಮೇಲೆ ಸೋಲುವವನು ಯಾರು, ಪುಸ್ತಕ ಕಂಡರೆ ಹೊಟ್ಟೆನೋವು ಅನ್ನುವವಳು ಯಾರು, ಗುರುತು ಮಾಡಿಕೊಳ್ಳಿ. ಮೊದಲು ಕಣ್ಣು, ಕಿವಿ ತೋರಿಸಿ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ದೂರವಿಲ್ಲ. ದಿನಾ ಅರ್ಧ ಗಂಟೆ ಜೊತೆಗೆ ಕೂತು ಓದಿಸಿ. ಕೆಲವು ತಿಂಗಳಾದರೂ ಸುಧಾರಿಸದಿದ್ದರೆ ತಂದೆತಾಯಿ ಕೈಲಿ ಹೆಡ್‌ಮಾಸ್ಟರಿಗೆ ಅರ್ಜಿ ಬರೆಸಿ, ನಕಲನ್ನು ಬಿ.ಇ.ಓ. ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಲೆಕ್ಕವಿಲ್ಲ. ನಿಮ್ಹಾನ್ಸ್‌ನಲ್ಲಿ ಪರೀಕ್ಷೆಗೆ ಹೋಗಬೇಕಾದರೆ ಜೊತೆಗೊಬ್ಬರು ಹೋಗಿ. ಕೂಲಿ ಕಳಕೊಂಡು ಕ್ಯೂನಲ್ಲಿ ನಿಲ್ಲುವ ಅವ್ವನಿಗೆ ಅದೇ ದೊಡ್ಡ ಬಲ.

ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. ನಮ್ಮ ಚಳವಳಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಬೀದಿಗಿಳಿಯಿತು. ಆ ಬಾಗಿಲಿನಿಂದ ಒಳಗೆ ಬಂದವರು ನಾವು. ಒಳಗೆ ಬಂದ ಮೇಲೂ ಹಿಂದಿನ ಬೆಂಚಿನಲ್ಲಿ ಒಬ್ಬ ತಮ್ಮ, ಒಬ್ಬಳು ತಂಗಿ ಬಾಯಿ ಮುಚ್ಚಿ ಕೂತಿದ್ದರೆ ಆ ಹೋರಾಟ ಮುಗಿದಿಲ್ಲ. ಇವತ್ತು ರಾತ್ರಿಯೇ ಅವರ ಪಕ್ಕ ಹೋಗಿ ಕೂರೋಣ.

ಜೈಭೀಮ್.