ನಾನು ಅತ್ತೆ ಅಲ್ಲ, ಪುಟ್ಟಿ!



ನಾಲ್ಕು ವರ್ಷದ ಮಗುವಿರುವ ಮನೆಗೆ ಬೇರೆ ಮನರಂಜನೆಯ ಅಗತ್ಯವಿಲ್ಲ. ಟೀವಿಯಲ್ಲಿ ನೂರಾರು ಚಾನೆಲ್ಲುಗಳಿರಬಹುದು, ಕೈಯಲ್ಲಿ ಮೊಬೈಲಿರಬಹುದು. ಮಗು ಬಾಯಿ ತೆರೆಯಿತೆಂದರೆ ಅವೆಲ್ಲವೂ ಸಪ್ಪೆ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಮದುವೆಯಾಗಿ ಪುಟ್ಟ ಮಕ್ಕಳಿರಬಹುದು. ಇನ್ನು ಕೆಲವರು ಅಣ್ಣನ ಮಗುವಿಗೆ ಚಿಕ್ಕಪ್ಪನೋ ಅಕ್ಕನ ಮಗುವಿಗೆ ಚಿಕ್ಕಮ್ಮನೋ ಆಗಿರುತ್ತೀರಿ. ಆದ್ದರಿಂದ ಈ ಸಲ ಅಡಿಗೆಮನೆ, ಹಬ್ಬ ಹರಿದಿನಗಳನ್ನು ಬದಿಗಿಟ್ಟು ಮಕ್ಕಳ ಮಾತಿನ ಬಗ್ಗೆ ಹರಟೋಣ. ನಗಲು ಬೇಕಾದಷ್ಟಿದೆ. ನಗುವ ಮೊದಲು ಒಂದು ಕ್ಷಣ ಯೋಚಿಸಬೇಕಾದದ್ದೂ ಇದೆ.

ನನ್ನ ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಪುಟ್ಟಿ ಎಂದೇ ಕರೆಯುತ್ತೇನೆ. ಡೊಂಬಿವಲಿಯಲ್ಲಿ ಹುಟ್ಟಿದವಳು. ಮನೆಯಲ್ಲಿ ಕನ್ನಡ, ನರ್ಸರಿಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಪಕ್ಕದ ಮನೆಯ ಆಜಿಯ ಹತ್ತಿರ ಮರಾಠಿ. ವರ್ಷಕ್ಕೊಂದರಂತೆ ನಾಲ್ಕು ಭಾಷೆ! ಯಾರಿಗೆ ಯಾವ ಭಾಷೆ ಎಂಬುದರಲ್ಲಿ ಅವಳು ಬಹಳ ಕಟ್ಟುನಿಟ್ಟು. ನಮ್ಮ ಹಳೆಯ ಲಿಫ್ಟು ಬಾಗಿಲು ತೆರೆದಿಟ್ಟರೆ ಹಿಂದಿಯಲ್ಲಿ ವಿನಂತಿಸಿಕೊಳ್ಳುತ್ತದಲ್ಲ, ಆದ್ದರಿಂದ ಲಿಫ್ಟಿನೊಂದಿಗೆ ಹಿಂದಿ. "ಅದಕ್ಕೆ ಕನ್ನಡ ಬರಲ್ಲ ಅಜ್ಜಿ, ಪಾಪ!" ದೇವರಿಗೆ ಕನ್ನಡ. ಗಣಪತಿಗೆ ಮಾತ್ರ ಮರಾಠಿಯೂ ಆಗಬಹುದು. "ಅವನು ಪ್ರತಿ ವರ್ಷ ಇಲ್ಲಿಗೆ ಬರ್ತಾನಲ್ಲ, ಕಲಿತಿರ್ತಾನೆ."

ಬೆಳಿಗ್ಗೆ ನನ್ನ ಸೊಸೆ "ಏಳು ಪುಟ್ಟೀ, ಏಳು" ಎಂದು ಎಬ್ಬಿಸಿದರೆ ಹೊದಿಕೆಯ ಒಳಗಿನಿಂದ "ಎಂಟು, ಒಂಬತ್ತು, ಹತ್ತು" ಎಂದು ಉತ್ತರ ಬರುತ್ತದೆ. "ಹತ್ತು ಆಯ್ತಲ್ಲ, ಈಗ ಸ್ಟೂಲು ಹತ್ತು, ಹಲ್ಲುಜ್ಜು" ಎಂದು ಅವಳಮ್ಮ ಅಷ್ಟೇ ಚುರುಕಾಗಿ ಹೇಳುತ್ತಾಳೆ. ಪಕ್ಕದ ಮನೆಯ ಆಜಿ ಪ್ರೀತಿಯಿಂದ "ಕಾಯ್ ಪಾಹಿಜೆ?" ಎಂದು ಕೇಳಿದರೆ ಇವಳು "ಕಾಯಿ ಬೇಡ, ಬಿಸ್ಕತ್ತು" ಎನ್ನುತ್ತಾಳೆ. ಅಜ್ಜನ ತಲೆಗೂದಲು ಉದುರಿದೆ ಎಂದು ನಾವು ಹೇಳಿಕೊಳ್ಳುತ್ತೇವೆ. ಪುಟ್ಟಿಯ ಲೆಕ್ಕ ಬೇರೆ. "ಅಜ್ಜನ ಹಣೆ ಇನ್ನೂ ಬೆಳೀತಾ ಇದೆ!" ನಮ್ಮೆಜಮಾನರಿಗೆ ಇಷ್ಟು ಒಳ್ಳೆಯ ಸಮಾಧಾನವನ್ನು ಮೂವತ್ತು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ.

ಒಂದು ಸಂಜೆ ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. "ಅಜ್ಜಿ, ನಾನು ಬೀಳಿದೆ. ತುಂಬಾ ಅಳಿದೆ." "ಓಹೋ, ಬಿದ್ದೆಯಾ? ಅತ್ತೆಯಾ?" ಎಂದೆ. ಅವಳಿಗೆ ಸಿಟ್ಟು ಬಂತು. "ನಾನು ಅತ್ತೆ ಅಲ್ಲ, ಪುಟ್ಟಿ! ಅತ್ತೆ ಪುಣೆಯಲ್ಲಿದ್ದಾಳೆ." ಪುಣೆಯಲ್ಲಿರುವವಳು ನನ್ನ ಮಗಳು. ನೋಡಿ, ನಮ್ಮ ಕನ್ನಡದಲ್ಲಿ ಅತ್ತವಳೂ ಅತ್ತೆ, ಅಪ್ಪನ ತಂಗಿಯೂ ಅತ್ತೆ. ಮಗು ಏನು ಮಾಡಬೇಕು!

ಈಗ ಸ್ವಲ್ಪ ಗಂಭೀರ ವಿಷಯ. "ಬೀಳಿದೆ", "ಅಳಿದೆ" ಎಂಬ ಮಾತುಗಳನ್ನು ಪುಟ್ಟಿ ಯಾರಿಂದ ಕಲಿತಳು? ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಊರಿನಲ್ಲೂ ಹೇಳುವುದಿಲ್ಲ. ಅವಳು ಅದನ್ನು ಕೇಳಿ ಕಲಿತದ್ದಲ್ಲ, ತಾನೇ ಕಟ್ಟಿದ್ದು. ಓಡು, ಓಡಿದೆ, ಹಾಡು, ಹಾಡಿದೆ, ಆಡು, ಆಡಿದೆ. ಹಾಗಾದರೆ ಕೊಡು, ಕೊಡಿದೆ, ನಗು, ನಗಿದೆ, ಬೀಳು, ಬೀಳಿದೆ. ನೇರವಾದ ಲೆಕ್ಕ. ಕೊಟ್ಟೆ, ನಕ್ಕೆ, ಬಿದ್ದೆ, ಅತ್ತೆ ಎಂದು ಅಡ್ಡದಾರಿ ಹಿಡಿದದ್ದು ಭಾಷೆಯೇ ಹೊರತು ಮಗುವಲ್ಲ. ಯಾವ ವ್ಯಾಕರಣದ ಪುಸ್ತಕವನ್ನೂ ಕಾಣದ ಮಗು ಕನ್ನಡದ ಭೂತಕಾಲದ ನಿಯಮವನ್ನು ತಾನಾಗಿಯೇ ಕಂಡುಹಿಡಿದಿದೆ!

ಇದನ್ನು ಪರೀಕ್ಷೆ ಮಾಡಿ ತೋರಿಸಿದವರು ಅಮೆರಿಕದ ಜೀನ್ ಬರ್ಕೊ ಎಂಬ ಮಹಿಳೆ. 1958ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಹಕ್ಕಿಯಂಥ ಒಂದು ವಿಚಿತ್ರ ಪ್ರಾಣಿಯ ಚಿತ್ರ ಬರೆದು, "ಇದು ಒಂದು ವಗ್" ಎಂದು ಮಕ್ಕಳಿಗೆ ತೋರಿಸಿದರು. ವಗ್ ಎಂಬ ಪದವೇ ಇಂಗ್ಲಿಷಿನಲ್ಲಿ ಇರಲಿಲ್ಲ, ಅವರೇ ಹುಟ್ಟಿಸಿದ್ದು. ಆಮೇಲೆ ಅಂಥ ಎರಡು ಪ್ರಾಣಿಗಳನ್ನು ತೋರಿಸಿ "ಈಗ ಎರಡು ಏನಿವೆ?" ಎಂದು ಕೇಳಿದರೆ ಮಕ್ಕಳು "ವಗ್ಸ್" ಎಂದರು. ಹಿಂದೆಂದೂ ಕೇಳದ ಪದಕ್ಕೆ ಬಹುವಚನ ಹೇಳಬೇಕಾದರೆ ಬರಿಯ ಗಿಣಿಪಾಠ ಸಾಲದು; ಒಳಗೆ ನಿಯಮ ಇರಬೇಕು. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಎಲ್ಲ ಓದಿದೆವು. ಆದರೆ ಇಂಗ್ಲಿಷ್ ಮಕ್ಕಳು "ವೆಂಟ್" ಎನ್ನುವ ಬದಲು "ಗೋಡ್" ಎನ್ನುವುದೂ ನಮ್ಮ ಪುಟ್ಟಿ "ಬೀಳಿದೆ" ಎನ್ನುವುದೂ ಒಂದೇ ಬುದ್ಧಿಯ ಕೆಲಸ ಎಂದು ನನಗೆ ತಿಳಿದದ್ದು ಅಜ್ಜಿಯಾದ ಮೇಲೆ.

ಇನ್ನೊಂದು ಉದಾಹರಣೆ ಕೇಳಿ. ಒಂದು ದಿನ ನನ್ನ ಕನ್ನಡಕ ಕಾಣಲಿಲ್ಲ. ಪುಟ್ಟಿ ಹಲ್ಲು ಕಿರಿಯುತ್ತ "ನಾನು ಛುಪಾಯಿಸಿದೆ" ಎಂದಳು. ಬಚ್ಚಿಟ್ಟೆ ಎಂದು ಅರ್ಥ. ಹಿಂದಿಯ "ಛುಪಾನಾ" ಪದಕ್ಕೆ ಕನ್ನಡದ ಬಾಲ! ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಸ್ವಲ್ಪ ತಡೆಯಿರಿ. ನಾವು ದಿನಬೆಳಗಾದರೆ "ಬಟ್ಟೆ ಬದಲಾಯಿಸು" ಎನ್ನುತ್ತೇವೆ, "ಗಾಡಿ ಚಲಾಯಿಸು" ಎನ್ನುತ್ತೇವೆ, "ಜನ ಜಮಾಯಿಸಿದರು" ಎಂದು ಪತ್ರಿಕೆಯವರು ಬರೆಯುತ್ತಾರೆ, "ಸುಮ್ಮನೆ ದಬಾಯಿಸಬೇಡ" ಎಂದು ಜಗಳ ಆಡುತ್ತೇವೆ. ಬದಲ್ನಾ, ಚಲಾನಾ, ಜಮಾನಾ, ದಬಾನಾ. ಇವೂ ಆ ಕಡೆಯಿಂದಲೇ ಬಂದು ನಮ್ಮ "ಇಸು" ಪ್ರತ್ಯಯ ಅಂಟಿಸಿಕೊಂಡು ಕನ್ನಡವಾದವು. ನಮ್ಮ ಹಿರಿಯರು ಮಾಡಿದ್ದನ್ನೇ ಪುಟ್ಟಿಯೂ ಮಾಡಿದಳು. ಅವರದು ನಿಘಂಟಿಗೆ ಸೇರಿತು, ಇವಳದು ಜೋಕಿಗೆ ಸೇರಿತು, ಅಷ್ಟೇ ವ್ಯತ್ಯಾಸ. ಇಂಗ್ಲಿಷು ಕನ್ನಡ ಕಲಸಿ ಮಾತಾಡುವ ಪಾತ್ರಗಳನ್ನು ರಂಗದ ಮೇಲೆ ತಂದ ಟಿ.ಪಿ. ಕೈಲಾಸಂ ಇದ್ದಿದ್ದರೆ ಪುಟ್ಟಿಗೆ ಒಂದು ಪಾತ್ರ ಕೊಡುತ್ತಿದ್ದರೋ ಏನೋ!

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಳೆದ ವರ್ಷ ಸಾಗರದ ಕಡೆ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಪುಟ್ಟಿಯ ಕೈಯಿಂದ ಹೋಳಿಗೆ ಜಾರಿ ನೆಲಕ್ಕೆ ಬಿತ್ತು. ಬಡಿಸುವವರನ್ನು ಕರೆದು ಗಟ್ಟಿಯಾಗಿ ಹೇಳಿದಳು: "ಮಾಮಾ, ಹೋಳಿಗೆ ತಾನೇ ಬೀಳಿತು, ನಾನು ಬೀಳಿಸಿಲ್ಲ. ಇನ್ನೊಂದು ಕೊಡಿ." ಇಡೀ ಪಂಕ್ತಿ ನಕ್ಕಿತು. ಅವಳೂ ನಕ್ಕಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಿರಿಯರೊಬ್ಬರಿಗೆ ಅದು ಎಷ್ಟು ಹಿಡಿಸಿತೆಂದರೆ, ಕೈ ತೊಳೆದು ಬಂದ ಮೇಲೆ ಸಿಕ್ಕವರ ಮುಂದೆಲ್ಲ ಅವಳನ್ನು ನಿಲ್ಲಿಸಿ "ಎಲ್ಲಿ, ಹೋಳಿಗೆ ಏನಾಯ್ತು ಹೇಳು ಪುಟ್ಟೀ? ಮುಂಬಯಿ ಕನ್ನಡ ಕೇಳಿ ಸ್ವಲ್ಪ" ಎನ್ನತೊಡಗಿದರು. ಎರಡು ಸಲ ಉತ್ಸಾಹದಿಂದ ಹೇಳಿದಳು. ಮೂರನೆಯ ಸಲ ನನ್ನ ಮುಖ ನೋಡಿದಳು. ನಾಲ್ಕನೆಯ ಸಲ ಬಾಯಿ ತೆರೆಯಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: "ಅಜ್ಜಿ, ನನ್ನ ಕನ್ನಡ ಜೋಕಾ?"

ಊರಿನಿಂದ ಬಂದ ಮೇಲೆ ಪುಟ್ಟಿ ಕನ್ನಡ ನಿಲ್ಲಿಸಿಬಿಟ್ಟಳು. "ಊಟ ಮಾಡ್ತೀಯಾ?" ಎಂದರೆ "ನಹೀಂ". "ಕಥೆ ಹೇಳಲಾ?" ಎಂದರೆ "ಹಾಂ". ಹಟವಿಲ್ಲ, ಅಳುವಿಲ್ಲ. ದೇವರ ಮುಂದೆ ನಿಂತರೂ ಬರಿಯ ಕೈಮುಗಿತ. ಮೂರು ವಾರ ಹೀಗೆಯೇ ನಡೆಯಿತು. ನಾಲ್ಕು ವರ್ಷದ ಮಗು ಒಂದು ಭಾಷೆಯನ್ನು ಮಡಿಸಿ ಕಪಾಟಿನಲ್ಲಿಡುವುದು ಎಷ್ಟು ಸುಲಭ ಎಂದು ನೋಡಿ ನನಗೆ ಎದೆ ಝಲ್ಲೆಂದಿತು.

ಇದು ನಮ್ಮ ಮನೆಗೆ ಹೊಸದೇನೂ ಅಲ್ಲ. ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ಬೇಸಿಗೆ ರಜೆಗೆ ಊರಿಗೆ ಹೋಗಿ "ಅಜ್ಜ ಬಂತು" ಎಂದಿದ್ದಳು. "ಬಂದರು" ಎನ್ನಬೇಕಿತ್ತು, ನಿಜ. ಅವಳ ವಾರಿಗೆಯ ಹುಡುಗರು ರಜೆ ಮುಗಿಯುವವರೆಗೂ ಅವಳನ್ನು "ಬಂತಮ್ಮ" ಎಂದೇ ಕರೆದರು. ಮುಂದಿನ ವರ್ಷದಿಂದ ಅವಳು ಊರಿನಲ್ಲಿ ಬರೀ ಇಂಗ್ಲಿಷ್ ಮಾತಾಡಿದಳು. ಬಂಧುಗಳು "ಮುಂಬಯಿ ಹುಡುಗಿ, ಜಂಬ ನೋಡಿ" ಎಂದರು. ಜಂಬವಲ್ಲ, ಅದು ಭಯ. ಭಯಕ್ಕೂ ಜಂಬಕ್ಕೂ ದೂರದಿಂದ ಒಂದೇ ಮುಖ.

ಪುಟ್ಟಿಯ ಬಾಯಿ ಬಿಡಿಸಿದವಳು ಆ ನನ್ನ ಮಗಳೇ. ಒಂದು ಭಾನುವಾರ ಪುಣೆಯಿಂದ ಫೋನು ಮಾಡಿ "ಪುಟ್ಟೀ, ನಿನ್ನೆ ನಾನು ಮೆಟ್ಟಿಲಿನಿಂದ ಬೀಳಿದೆ. ನೋವಾಗಿ ಅಳಿದೆ" ಎಂದಳು. ಬಿದ್ದದ್ದು ನಿಜವೋ ಸುಳ್ಳೋ ನಾನು ಕೇಳಿಲ್ಲ. ಈ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಬೀಳಿದೆ ಅಲ್ಲ, ಬಿದ್ದೆ! ಅಳಿದೆ ಅಲ್ಲ, ಅತ್ತೆ!" "ಅತ್ತೆ ಅಂದರೆ ನಾನಲ್ವಾ?" "ನೀನೂ ಅತ್ತೆ, ಅಳೋದೂ ಅತ್ತೆ. ಕನ್ನಡ ಹಾಗೇ ಇರೋದು!" ಅಂದಿನಿಂದ ಪ್ರತಿ ಭಾನುವಾರ ಅತ್ತೆಗೆ ಪಾಠ. ಗುರುವಿನ ಕನ್ನಡ ಮರಳಿ ಬಂತು, ಜೊತೆಗೆ ಶಿಷ್ಯೆಯದೂ ಚೇತರಿಸಿಕೊಳ್ಳುತ್ತಿದೆ.

ಇದರಲ್ಲೂ ಒಂದು ಸ್ವಾರಸ್ಯವಿದೆ. ಮಗು ತಾನು ತಪ್ಪು ಹೇಳುತ್ತಿದ್ದರೂ ದೊಡ್ಡವರ ಬಾಯಲ್ಲಿ ಆ ತಪ್ಪನ್ನು ಸಹಿಸುವುದಿಲ್ಲ. ಬರ್ಕೊ ಮತ್ತು ರೋಜರ್ ಬ್ರೌನ್ 1960ರಲ್ಲಿ ಇಂಥದೇ ಒಂದು ಮಗುವಿನ ಬಗ್ಗೆ ಬರೆದರು. ಅದು ಆಟಿಕೆಯ ಮೀನಿಗೆ "ಫಿಶ್" ಎನ್ನಲಾರದೆ "ಫಿಸ್" ಎನ್ನುತ್ತಿತ್ತು. ದೊಡ್ಡವರು "ಇದು ನಿನ್ನ ಫಿಸ್ಸಾ?" ಎಂದರೆ ಅಲ್ಲವೆಂದು ಹಟ ಮಾಡುತ್ತಿತ್ತು, "ಫಿಶ್ಶಾ?" ಎಂದರೆ ಮಾತ್ರ ಹೌದೆಂದು ಒಪ್ಪುತ್ತಿತ್ತು. ಅಂದರೆ ಮಕ್ಕಳ ಕಿವಿ ಅವರ ನಾಲಿಗೆಗಿಂತ ಮುಂದೆ ಓಡಿರುತ್ತದೆ. ನಾಲಿಗೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ, ನಾವು ನಡುವೆ ಕಾಲು ಅಡ್ಡ ಹಾಕದಿದ್ದರೆ.

ಹಾಗಾದರೆ ನಗಲೇಬಾರದೇ? ಖಂಡಿತ ನಗಿ! ನಗದೆ ಇರುವುದಾದರೂ ಹೇಗೆ? ಆದರೆ ಮಗುವಿನ ಜೊತೆ ನಗುವುದು ಬೇರೆ, ಮಗುವನ್ನು ನಿಲ್ಲಿಸಿಕೊಂಡು ನಗುವುದು ಬೇರೆ. "ಇನ್ನೊಂದು ಸಲ ಹೇಳು" ಎಂದು ಪ್ರದರ್ಶನಕ್ಕಿಡಬೇಡಿ. ಮೊಬೈಲಿನಲ್ಲಿ ಚಿತ್ರಿಸಿಕೊಂಡು ಬಂಧು ಬಳಗಕ್ಕೆಲ್ಲ ಹಂಚಬೇಡಿ. ತಿದ್ದಬೇಕೆನಿಸಿದರೆ "ತಪ್ಪು!" ಎಂದು ಮಾತು ಕತ್ತರಿಸದೆ, ಸರಿಯಾದ ಪದವನ್ನು ನಿಮ್ಮ ಉತ್ತರದೊಳಗೆ ಸೇರಿಸಿ: "ಹೌದಾ, ಹೋಳಿಗೆ ಬಿತ್ತಾ? ಇನ್ನೊಂದು ಹಾಕೋಣ." ಮಗುವಿಗೆ ಹೋಳಿಗೆಯೂ ಸಿಗುತ್ತದೆ, ವ್ಯಾಕರಣವೂ ಸಿಗುತ್ತದೆ.

ಮತ್ತೆ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ತಾರೀಖು ಹಾಕಿ, ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ. ಇದು ಸಣ್ಣ ಕೆಲಸವಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಹೀಗೆಯೇ ಟಿಪ್ಪಣಿ ಮಾಡಿಟ್ಟುಕೊಂಡು, ಸುಮಾರು 37 ವರ್ಷಗಳ ನಂತರ, 1877ರಲ್ಲಿ ಪ್ರಕಟಿಸಿದ. ಒಂದು ವರ್ಷದ ಆ ಮಗು ಊಟಕ್ಕೆ ಒಂದು ಪದವನ್ನು ತಾನೇ ಕಂಡುಹಿಡಿಯಿತಂತೆ. ಏನು ಗೊತ್ತೇ? "ಮಮ್"! ನಮ್ಮ ಅಜ್ಜಿಯರು ಅದಕ್ಕೂ ಮೊದಲಿನಿಂದ "ಮಮ್ಮು ತಿನ್ನು ಮರೀ" ಎನ್ನುತ್ತಲೇ ಇದ್ದಿರಬೇಕು. ಪುಟ್ಟಿಯ ನೋಟುಬುಕ್ಕಿನಲ್ಲಿ ಈಗ 46 ಪುಟ ತುಂಬಿದೆ. "ಬೀಳಿದೆ" ಎಂಬ ಮಾತು ಹೋದ ತಿಂಗಳಿಂದ ಅದರಲ್ಲಿ ಕಾಣಿಸುತ್ತಿಲ್ಲ. ಮಗು ಕಲಿಯಿತೆಂದು ಸಂತೋಷ. ಆ ಪದ ಇನ್ನು ಕೇಳಸಿಗುವುದಿಲ್ಲವಲ್ಲ ಎಂದು ಸ್ವಲ್ಪ ಸಂಕಟ.

ಕೊನೆಗೆ ನಿಮ್ಮದೇ ಒಂದು ವಿಷಯ. "ಆಂಟೀ, ಕನ್ನಡ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ" ಎಂದು ನಿಮ್ಮಲ್ಲಿ ಎಷ್ಟೋ ಜನ ಸಂಘದ ಕಾರ್ಯಕ್ರಮಗಳಲ್ಲಿ ನನಗೆ ಹೇಳಿದ್ದೀರಿ. ಬರುವುದಿಲ್ಲವೋ, ಯಾವುದೋ ಒಂದು ದಿನ ಯಾರೋ ನಕ್ಕರೆಂದು ನಿಲ್ಲಿಸಿದಿರೋ, ಸ್ವಲ್ಪ ನೆನಪು ಮಾಡಿಕೊಳ್ಳಿ. ಹಾಡ್ತಾ ಹಾಡ್ತಾ ರಾಗ ಎಂದಿದ್ದಾರೆ ಹಿರಿಯರು. ಬಾಯಿ ಮುಚ್ಚಿಕೊಂಡು ಕಲಿತವರು ಯಾರೂ ಇಲ್ಲ. ನಕ್ಕವರು ಅಂದೇ ಮರೆತಿರುತ್ತಾರೆ. ಅವರಿಗಾಗಿ ನೀವು ಇಪ್ಪತ್ತು ವರ್ಷ ಸುಮ್ಮನಿರಬೇಕೇ? "ಅಜ್ಜ ಬಂತು" ಎಂದೇ ಶುರು ಮಾಡಿ. ಬಂದ ಅಜ್ಜನಿಗೆ ಬೇಸರವಾಗುವುದಿಲ್ಲ, ಮೊಮ್ಮಗು ಕರೆಯಿತಲ್ಲ ಎಂದು ಸಂತೋಷವೇ ಆಗುತ್ತದೆ.

ನಿಮ್ಮ ಮನೆಯ ಪುಟ್ಟ ಪುಟ್ಟಿಯರ ಮಾತುಗಳನ್ನು, ಅವರ ಹೆಸರು ಬಿಟ್ಟು, ನನಗೆ ಬರೆದು ಕಳಿಸಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ. ಕನ್ನಡ ಅಕ್ಷರ ಬಾರದಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ನಾನು ಬದಲಾಯಿಸಿಕೊಳ್ಳುತ್ತೇನೆ. ಏನನ್ನೂ ಛುಪಾಯಿಸಬೇಡಿ!