ನದಿಯ ಎರಡು ದಡ, ಎರಡು ಕೂಲಿ

ಅಯೋವಾ ರಾಜ್ಯದ ಪಶ್ಚಿಮ ಗಡಿಯಲ್ಲಿ ಮಿಸ್ಸೂರಿ ನದಿ ಹರಿಯುತ್ತದೆ. ಈಚೆ ದಡದಲ್ಲಿ ಕೌನ್ಸಿಲ್ ಬ್ಲಫ್ಸ್, ಆಚೆ ದಡದಲ್ಲಿ ನೆಬ್ರಾಸ್ಕಾದ ಒಮಾಹಾ. ಸೇತುವೆ ದಾಟಲು ಕೆಲವೇ ನಿಮಿಷ ಸಾಕು. ಆದರೆ ಕಾನೂನು ಗೊತ್ತುಪಡಿಸಿದ ಕನಿಷ್ಠ ವೇತನವು 2026ರ ಜನವರಿಯಿಂದ ಆಚೆ ಗಂಟೆಗೆ 15 ಡಾಲರ್. ಈಚೆ ಇಂದಿಗೂ 7.25 ಡಾಲರ್.

ಯುಗಾದಿಯ ಊಟದ ಪಂಕ್ತಿಯಲ್ಲಿ ಈ ಮಾತನ್ನೆತ್ತಿದಾಗ, ಸಣ್ಣ ಊರೊಂದರಲ್ಲಿ ಅಂಗಡಿ ನಡೆಸುವ ಮಿತ್ರರು ನಕ್ಕು ಹೇಳಿದರು: “ನಿಮಗೇನು ಸ್ವಾಮಿ, ತಿಂಗಳ ಸಂಬಳದವರು. ಕೂಲಿ ಏರಿಸಿದರೆ ಬಾಗಿಲು ಹಾಕಬೇಕಾದವನು ನಾನು.” ಅವರ ಅಳಲನ್ನು ತಳ್ಳಿಹಾಕುವಂತಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಬರಹದ ಉದ್ದೇಶ.

ಅಯೋವಾದ ಕನಿಷ್ಠ ವೇತನ 2008ರ ಜನವರಿಯಿಂದ ಕದಲಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೂ ಈ ದರದಲ್ಲಿ ಕೈಗೆ ಬರುವುದು 15,080 ಡಾಲರ್. ನಮ್ಮ ನಾಡಿನಲ್ಲಿ ಬೆಲೆ ಏರಿದಂತೆ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಸೇರುತ್ತದೆ. ಇಲ್ಲಿ ಅಂತಹ ಏರ್ಪಾಡೂ ಇಲ್ಲ. ಜಾನ್ಸನ್ ಕೌಂಟಿಯು ತನ್ನ ಮಟ್ಟದಲ್ಲೇ ದರವನ್ನು 10.10 ಡಾಲರಿಗೆ ಏರಿಸಿತ್ತು. 2017ರಲ್ಲಿ ರಾಜ್ಯದ ಶಾಸನಸಭೆಯು ಕೌಂಟಿಗಳ ಆ ಅಧಿಕಾರವನ್ನೇ ಕಿತ್ತುಕೊಂಡಿತು.

ಇಂದು ಬಹುಪಾಲು ಮಾಲೀಕರು ಇದಕ್ಕಿಂತ ಹೆಚ್ಚನ್ನೇ ಕೊಡುತ್ತಾರೆ, ಕಾನೂನು ಏತಕ್ಕೆ ಎಂಬ ವಾದವಿದೆ. ನಗರದ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಒಂದೇ ವೃದ್ಧಾಶ್ರಮ, ಒಂದೇ ಮಾಂಸ ಸಂಸ್ಕರಣಾ ಕಾರ್ಖಾನೆ ಇರುವ ಊರಿನಲ್ಲಿ ಕೆಲಸಗಾರನಿಗೆ ಚೌಕಾಸಿಯ ಬಲವಿಲ್ಲ. ಬೇಡವೆಂದರೆ ಊರನ್ನೇ ಬಿಡಬೇಕು. ಎಳೆಯರು ಹಾಗೆಯೇ ಬಿಟ್ಟು ಹೋಗುತ್ತಾರೆ. ವಯಸ್ಸಾದ ತಂದೆತಾಯಿಗಳಷ್ಟೇ ಉಳಿದ ಹಳ್ಳಿಯ ಚಿತ್ರ ನಮಗೆ ಅಪರಿಚಿತವಲ್ಲ.

ಮಿತ್ರರ ಭಯಕ್ಕೆ ನೆಬ್ರಾಸ್ಕಾದಲ್ಲಿ ಒಂದು ಉತ್ತರವಿದೆ. 2022ರ ನವೆಂಬರಿನಲ್ಲಿ ರಿಪಬ್ಲಿಕನ್ ರಾಜ್ಯಪಾಲರನ್ನು ಆರಿಸಿದ ಅದೇ ಮತದಾರರು ವೇತನ ಏರಿಕೆಗೂ ಒಪ್ಪಿಗೆಯಿತ್ತರು. ಏರಿಕೆ ಒಮ್ಮೆಗೇ ಎರಗಲಿಲ್ಲ. 9 ಡಾಲರಿನಿಂದ 10.50, 12, 13.50, ಕೊನೆಗೆ 15: ಹೀಗೆ ನಾಲ್ಕು ಮೆಟ್ಟಿಲು. ಲೆಕ್ಕಾಚಾರ ಹೊಂದಿಸಿಕೊಳ್ಳಲು ಅಂಗಡಿಯವನಿಗೆ ಕಾಲಾವಕಾಶ ದೊರೆಯಿತು. ಸಣ್ಣ ಊರಿನ ಅಂಗಡಿಗೆ ಗಿರಾಕಿಗಳು ಆ ಊರಿನ ಕೂಲಿಯವರೇ ಎಂಬುದನ್ನೂ ಮರೆಯಬಾರದು.

ಆದರೆ ಕಾನೂನು ಕೂಲಿಗೆ ಒಂದು ನೆಲೆಯನ್ನು ಹಾಕಬಲ್ಲುದೇ ಹೊರತು ಉದ್ಯೋಗವನ್ನು ಸೃಷ್ಟಿಸಲಾರದು. ಇದೇ ರಾಜ್ಯದ ನ್ಯೂಟನ್ ಪಟ್ಟಣ ತಲೆಮಾರುಗಳ ಕಾಲ ಮೇಟ್ಯಾಗ್ ಬಟ್ಟೆ ಒಗೆಯುವ ಯಂತ್ರಗಳಿಂದ ಬದುಕಿತು. 2006ರಲ್ಲಿ ಕಂಪನಿಯನ್ನು ವರ್ಲ್‌ಪೂಲ್ ಕೊಂಡಿತು. ಮರುವರ್ಷ ಕಾರ್ಖಾನೆ ಮುಚ್ಚಿತು. 2008ರಲ್ಲಿ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆ ಬಂತು. ಉದ್ಯೋಗ ಮರಳಿತಾದರೂ ಹಳೆಯ ಸಂಬಳ ಮರಳಲಿಲ್ಲ. 2021ರ ಕೊನೆಗೆ ಅಲ್ಲಿಯೂ ಉತ್ಪಾದನೆ ನಿಂತಿತು. ಹತ್ತಿ ಗಿರಣಿಗಳ ಬಾಗಿಲು ಮುಚ್ಚಿದಾಗ ದಾವಣಗೆರೆ ಪಟ್ಟ ಪಾಡನ್ನು ಬಲ್ಲವರಿಗೆ ನ್ಯೂಟನ್ನಿನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಊರೊಂದು ಒಂದೇ ಕಂಪನಿಗೆ ಜೋತುಬೀಳಬಾರದು. ಕಾರ್ಖಾನೆ ಹೋದರೂ ಕೆಲಸಗಾರನ ಕೌಶಲ ಅವನೊಂದಿಗೆ ಉಳಿಯಬೇಕು.

ಅದಕ್ಕೆ ಬೇಕಾದ ಉಪಕರಣ ಅಯೋವಾದ ಬಳಿ ಆಗಲೇ ಇದೆ. ರಾಜ್ಯದ 15 ಸಮುದಾಯ ಕಾಲೇಜುಗಳು 1983ರಿಂದಲೂ ಹೊಸ ಉದ್ಯೋಗ ತರುವ ಸಂಸ್ಥೆಗಳ ಕೆಲಸಗಾರರಿಗೆ ತರಬೇತಿ ಕೊಡಿಸುತ್ತಿವೆ. ಅದರ ವೆಚ್ಚಕ್ಕೆ ಕಾಲೇಜು ಸಾಲಪತ್ರ ಹೊರಡಿಸುತ್ತದೆ. ಹೊಸ ಸಂಬಳಗಳಿಂದ ಕಡಿತವಾಗುವ ರಾಜ್ಯ ತೆರಿಗೆಯ ಒಂದು ಪಾಲು ಆ ಸಾಲವನ್ನು ತೀರಿಸುತ್ತದೆ. ಎಂದರೆ ಇದು ಸಾರ್ವಜನಿಕರ ಹಣ. ಇಂತಹ ನೆರವು ಪಡೆಯುವ ಸಂಸ್ಥೆಯು ಕುಟುಂಬವೊಂದು ಬಾಳಬಹುದಾದ ಸಂಬಳ, ಆರೋಗ್ಯ ವಿಮೆ ಮತ್ತು ಬೇರೆಡೆಯೂ ಸಲ್ಲುವ ಪ್ರಮಾಣಪತ್ರ, ಈ ಮೂರನ್ನೂ ಕೊಡಬೇಕೆಂದು ಕೇಳುವುದು ಅನ್ಯಾಯವಲ್ಲ.

ನೆಬ್ರಾಸ್ಕಾದಲ್ಲಿ ಜನರು ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ನೇರವಾಗಿ ಮತಪತ್ರಕ್ಕೆ ತಂದರು. ಅಯೋವಾದಲ್ಲಿ ಆ ದಾರಿಯಿಲ್ಲ. ಶಾಸಕರ ಮನವೊಲಿಸುವುದೊಂದೇ ಮಾರ್ಗ. ಇಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರು ಮತದಾರರು, ಕೆಲವರು ಮಾಲೀಕರು. ತಿಂಗಳ ಸಂಬಳದ ನಾವೂ ಅಂಗಡಿಯ ಮಿತ್ರರೂ ಒಟ್ಟಿಗೆ ಹೋಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿರೆಂದು ಕೇಳಿದರೆ ಆ ಮಾತಿಗೆ ಹೆಚ್ಚಿನ ತೂಕವಿರುತ್ತದೆ. ಮುಂದಿನ ಹಬ್ಬದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಇದನ್ನೇ ಹೇಳಬೇಕೆಂದಿದ್ದೇನೆ.