ವಂಕಿಯ ಮೇಲಿನ ಅಪವಾದ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೆಣ್ಣುಮಕ್ಕಳು ‘ವಂಕಿ’ ಎಂದೊಡನೆ ಮುಖ ತಿರುಗಿಸುವುದು ಮೌಢ್ಯದಿಂದ ಎಂದು ಪೇಟೆಯ ವಿದ್ಯಾವಂತರು ಹೇಳುವುದನ್ನು ಅನೇಕ ಸಲ ಕೇಳಿದ್ದೇನೆ. ನಾನಿದನ್ನು ಒಪ್ಪಲಾರೆ.

1930ರಲ್ಲಿ ಮೈಸೂರು ಸರಕಾರ ಸಂತತಿ ನಿಯಮನದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತೆಂದು ನಾವು ಹೆಮ್ಮೆ ಪಡುತ್ತೇವೆ. ಆಗ ಸವಣೂರಿಗೆ ನವಾಬರಿದ್ದರು. ಉಳಿದ ಮೂರು ಕಡೆ ಮುಂಬಯಿ ಇಲಾಖೆಯ ಆಡಳಿತ. ಆ ಹೆಮ್ಮೆಯಲ್ಲಿ ಇವರಿಗೆ ಪಾಲಿರಲಿಲ್ಲ. ಇವರ ಪಾಲಿಗೆ ಬಂದದ್ದು 1965ರ ಲೂಪು. ಅಮೆರಿಕದ ಡಾಕ್ಟರ್ ಜ್ಯಾಕ್ ಲಿಪ್ಪೆಸ್ ರೂಪಿಸಿದ ಆ ಪ್ಲಾಸ್ಟಿಕ್ ಸುರುಳಿಯನ್ನು ಸರಕಾರ ದೇಶದ ತುಂಬ ಹಂಚಿತು. ಗುರಿ ಗೊತ್ತುಮಾಡಿತು; ಹಾಕಿಸಿಕೊಂಡವಳಿಗೂ ಕರೆತಂದವರಿಗೂ ದುಡ್ಡು ಕೊಟ್ಟಿತು. 1966-67ರಲ್ಲಿ ಸುಮಾರು 9 ಲಕ್ಷ ಮಂದಿಗೆ ಹಾಕಿದ್ದಾಯಿತು. ಮರುವರುಷದಿಂದಲೇ ಲೆಕ್ಕ ಇಳಿಯಿತು.

ಏಕೆ ಇಳಿಯಿತು? ರಕ್ತಸ್ರಾವ ಹೆಚ್ಚೀತು, ಹೊಟ್ಟೆ ನೋವಾದೀತು, ತಾನಾಗಿ ಜಾರಿಯೂ ಬಿದ್ದೀತು ಎಂದು ಮೊದಲೇ ಹೇಳುವ ವ್ಯವಧಾನ ಶಿಬಿರಗಳಿಗಿರಲಿಲ್ಲ. ಹತ್ತಿ ಹೊಲದಲ್ಲಿ ದಿನಗೂಲಿಗೆ ಬಗ್ಗುವ, ಮೊದಲೇ ರಕ್ತ ಕಡಿಮೆಯಿರುವ ಹೆಂಗಸಿಗೆ ಇದು ಸಣ್ಣ ತೊಂದರೆಯೇ? ‘ಎದೆಗೆ ಏರುತ್ತದೆ’ ಎಂಬ ಸುದ್ದಿ ಸುಳ್ಳು, ನಿಜ. ಆದರೆ ಸಾವಿರಕ್ಕೊಬ್ಬಳಲ್ಲಿ ವಂಕಿ ಗರ್ಭಕೋಶವನ್ನು ತೂರಿ ಹೊಟ್ಟೆಗೆ ಹೋಗುವುದುಂಟು. ವೈದ್ಯರು ಬಾಯಿ ಮುಚ್ಚಿಕೊಂಡರೆ ನೆರೆಮನೆಯಾಕೆ ಬಾಯಿ ತೆರೆಯುತ್ತಾಳೆ, ಅಷ್ಟೆ.

ಇಂದಿನ ತಾಮ್ರದ ವಂಕಿ, ಅಂದರೆ ಕಾಪರ್-ಟಿ, ಆ ಲೂಪಿಗಿಂತ ಎಷ್ಟೋ ಮೇಲು. ತಾಮ್ರದ ಅಂಶ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 380ಎ ಎಂಬ ಜಾತಿಯದು 10 ವರುಷ ಬಾಳುತ್ತದೆ. ಮೊದಲ ವರುಷದಲ್ಲಿ ನೂರರಲ್ಲಿ ಒಬ್ಬಳಿಗೂ ಬಸಿರು ನಿಲ್ಲುವುದು ಅಪರೂಪ. ತೆಗೆಸಿದರೆ ಮತ್ತೆ ಮಕ್ಕಳಾಗಲು ಅಡ್ಡಿಯಿಲ್ಲ. ಇಷ್ಟಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತೆಯರಲ್ಲಿ ವಂಕಿಯವರು ನೂರಕ್ಕೆ 2 ಮಾತ್ರ. ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಸುಮಾರು 38. ಗಂಡಸರ ಶಸ್ತ್ರಕ್ರಿಯೆಯೋ, ನೂರಕ್ಕೆ ಅರ್ಧವೂ ಇಲ್ಲ! ಸವಣೂರಿನ ಎಲೆ ಮೆಲ್ಲುತ್ತ ಕುಟುಂಬ ಯೋಜನೆಯ ಮೇಲೆ ಭಾಷಣ ಬಿಗಿಯುವ ಮಹನೀಯರು ಈ ಅಂಕಿಯನ್ನು ಮಾತ್ರ ಎತ್ತುವುದಿಲ್ಲ.

ಮೌಢ್ಯದ ಮಾತು ಬಿಟ್ಟು ನಾನು ಕೇಳುವುದು ಇಷ್ಟು: ಹಾಕುವ ಮುನ್ನ ಸೋಂಕಿದೆಯೇ, ರಕ್ತಹೀನತೆಯಿದೆಯೇ ಎಂದು ನೋಡಲಿ. ಮೊದಲ ಕೆಲವು ತಿಂಗಳು ಮುಟ್ಟು ಹೆಚ್ಚು ಹೋದೀತೆಂದು ಅವಳ ಮಾತಿನಲ್ಲೇ ಹೇಳಲಿ. ಹೆರಿಗೆಯ ಬೆನ್ನಲ್ಲೇ, ಅವಳು ಒಪ್ಪುವ ಮೊದಲು, ಕೈಯಾಡಿಸದಿರಲಿ. ಬೇಡವೆನಿಸಿ ಬಂದ ದಿನವೇ ತೆಗೆದುಕೊಡಲಿ. ‘ಇನ್ನೆರಡು ತಿಂಗಳು ತಾಳಮ್ಮ’ ಎಂದು ಹಿಂದಕ್ಕೆ ಕಳಿಸಿದವಳು ಊರಿಗೆ ಹೋಗಿ ಏನು ಹೇಳಿಯಾಳು?